ಎಂಪಿವಿ, ವಿಎಲ್‌ಸಿ, ಗ್ನೋಮ್ ವಿಡಿಯೋಸ್: ನನ್ನ ಫೆಡೋರಾ ಲ್ಯಾಪ್‌ಟಾಪ್‌ನಲ್ಲಿ ಗೆದ್ದದ್ದು ಯಾವುದು

ಫೆಡೋರಾ ಅನ್ನುವ ಲಿನಕ್ಸ್‌ನಲ್ಲಿ ಎಂಪಿವಿ, ವಿಎಲ್‌ಸಿ, ಗ್ನೋಮ್ ವಿಡಿಯೋಸ್ ಅನ್ನುವ ಮೂರು ವಿಡಿಯೋ ಪ್ಲೇಯರ್ ಬಳಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಂಪಿವಿಗೆ. ಲಿನಕ್ಸ್‌ನಲ್ಲಿ ವಿಡಿಯೋ ತಡವರಿಸಿದರೆ, ಫ್ಯಾನ್ ಜೋರಾಗಿ ತಿರುಗಲು ಶುರುವಾದರೆ, ಒಳಗೆ ಏನು ನಡೆಯುತ್ತಿದೆ ಅಂತ ಒಂದೇ ಕೀ ಒತ್ತಿದರೆ ತೋರಿಸುವ ಪ್ಲೇಯರ್ ಅದು. ವಿಎಲ್‌ಸಿಯೂ ಒಳ್ಳೆಯದೇ, ಅದನ್ನು ತೆಗೆದುಹಾಕಿಲ್ಲ. ಆದರೆ ನನ್ನ ಕೆಲಸಕ್ಕೆ ಎಂಪಿವಿ ಹೊಂದಿದಷ್ಟು ಬೇರೆ ಯಾವುದೂ ಹೊಂದಲಿಲ್ಲ.

ಕೆಲಸ ಇಷ್ಟು. ತುಮಕೂರು, ತಿಪಟೂರು ಸುತ್ತಮುತ್ತ ನಡೆಯುವ ಮೂಡಲಪಾಯ ಯಕ್ಷಗಾನವನ್ನು ನನ್ನ ಗೆಳೆಯ ಶೂಟ್ ಮಾಡುತ್ತಾನೆ. ನಾನು ಭಾಗವತರು ಹಾಡುವ ಪದಗಳನ್ನು ಕೇಳಿ ಬರೆದುಕೊಂಡು, ಕನ್ನಡ ಸಬ್‌ಟೈಟಲ್ ಮಾಡುತ್ತೇನೆ. ಆಟ ಬೆಳಗಿನವರೆಗೂ ನಡೆಯುತ್ತದೆ, ಹಾಗಾಗಿ ಫೈಲ್‌ಗಳು ಭಾರಿ ದೊಡ್ಡವು. ಮುಖವೀಣೆ ಅನ್ನುವ ಊದುವ ವಾದ್ಯದ ಸದ್ದು ಏರಿದ ಕಡೆ ಪದದ ಮಾತು ಮುಳುಗಿಹೋಗುತ್ತದೆ. ಅದೇ ಸಾಲನ್ನು ನಿಧಾನ ಮಾಡಿ, ಹಿಂದಕ್ಕೆ ಎಳೆದು, ಮತ್ತೆ ಮತ್ತೆ ಕೇಳಬೇಕು. ಹಿರಿಯ ಭಾಗವತರ ಬಾಯಲ್ಲಿರುವ ಪದಗಳಲ್ಲಿ ಎಷ್ಟೋ ಎಲ್ಲೂ ಅಚ್ಚಾಗಿಲ್ಲ. ಒಂದು ಮಾತು ತಪ್ಪಾಗಿ ಬರೆದರೆ ಅದೇ ಉಳಿದುಬಿಡುತ್ತದೆ. ಅದಕ್ಕೇ ಪ್ಲೇಯರ್ ವಿಷಯದಲ್ಲಿ ಇಷ್ಟು ತಲೆಕೆಡಿಸಿಕೊಂಡಿದ್ದು.

ಈ ಕೆಲಸಕ್ಕಾಗಿಯೇ ತುಮಕೂರಿನ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದುಕೊಂಡೆ. ಇಂಟೆಲ್ 8ನೇ ತಲೆಮಾರಿನ ಐ5, 8 ಜಿಬಿ ಮೆಮೊರಿ. ಅದೇ ಅಂಗಡಿಯಲ್ಲಿ 6ನೇ ತಲೆಮಾರಿನದು ಕೆಲವು ಸಾವಿರ ಕಮ್ಮಿಗೆ ಸಿಗುತ್ತಿತ್ತು. ಬೇಡ ಅಂದೆ. ಕಾರಣ ಒಂದೇ. ಗೆಳೆಯನ ಕ್ಯಾಮೆರಾ 4ಕೆ ವಿಡಿಯೋವನ್ನು 10 ಬಿಟ್ ಎಚ್‌ಇವಿಸಿಯಲ್ಲಿ ಬರೆಯುತ್ತದೆ. 2013ರಲ್ಲಿ ಬಂದ ಈ ಕೋಡೆಕ್ (ವಿಡಿಯೋವನ್ನು ಕುಗ್ಗಿಸಿಡುವ, ಮತ್ತೆ ಬಿಡಿಸುವ ವಿಧಾನ), 2003ರ ಎಚ್.264ಗಿಂತ ಕಮ್ಮಿ ಜಾಗದಲ್ಲಿ ಅಷ್ಟೇ ಚೆನ್ನಾದ ಚಿತ್ರ ಕೊಡುತ್ತದೆ. ಆದರೆ ಬಿಡಿಸುವುದು ಕಷ್ಟ. ಇಂಟೆಲ್‌ನ 6ನೇ ತಲೆಮಾರಿನ ಚಿಪ್ 8 ಬಿಟ್ ಎಚ್‌ಇವಿಸಿಯನ್ನು ಹಾರ್ಡ್‌ವೇರ್‌ನಲ್ಲೇ, ಅಂದರೆ ಸಿಪಿಯುಗೆ ಹೊರೆಯಾಗದೆ ಗ್ರಾಫಿಕ್ಸ್ ಭಾಗದಲ್ಲೇ, ಬಿಡಿಸುತ್ತದೆ. 10 ಬಿಟ್ ಪೂರ್ತಿಯಾಗಿ ಹಾರ್ಡ್‌ವೇರ್‌ಗೆ ಬಂದಿದ್ದು 7ನೇ ತಲೆಮಾರಿನಿಂದ. ಹಳೆ ಲ್ಯಾಪ್‌ಟಾಪ್ ಕೊಳ್ಳುವವರು ಮೆಮೊರಿ, ಎಸ್‌ಎಸ್‌ಡಿ ನೋಡುತ್ತಾರೆ. ವಿಡಿಯೋ ಕೆಲಸ ಇದ್ದರೆ ಈ ತಲೆಮಾರಿನ ಲೆಕ್ಕ ಅದಕ್ಕಿಂತ ಮುಖ್ಯ.

ಈಗ ನಿಜವಾದ ತಲೆನೋವಿಗೆ ಬರೋಣ. ಫೆಡೋರಾ ಹಾಕಿ, ಪೆನ್ ಡ್ರೈವ್ ಚುಚ್ಚಿ, ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ತೆರೆದುಕೊಂಡಿದ್ದು ಗ್ನೋಮ್ ವಿಡಿಯೋಸ್. ಡಿಕೋಡರ್ (ಬಿಡಿಸುವ ತಂತ್ರಾಂಶ) ಇಲ್ಲ ಅಂತ ಒಂದು ಸಾಲು ಹೇಳಿ ನಿಂತುಬಿಟ್ಟಿತು. ಇದು ಕೆಟ್ಟುಹೋಗಿರುವುದಲ್ಲ, ಫೆಡೋರಾ ಬೇಕೆಂದೇ ಬಿಟ್ಟಿರುವುದು. ಎಚ್.264, ಎಚ್‌ಇವಿಸಿಗೆ ಅಮೆರಿಕದಲ್ಲಿ ಪೇಟೆಂಟ್ ತಕರಾರು ಇರುವುದರಿಂದ ಫೆಡೋರಾ ತನ್ನ ಸಾಫ್ಟ್‌ವೇರ್ ಭಂಡಾರದಲ್ಲಿ, ವಿಡಿಯೋ ಬಿಡಿಸುವ ಎಫ್‌ಎಫ್‌ಎಂಪೆಗ್ ಅನ್ನು ಪೂರ್ತಿಯಾಗಿ ಇಡುವುದಿಲ್ಲ. ಎಫ್‌ಎಫ್‌ಎಂಪೆಗ್-ಫ್ರೀ ಅಂತ ಕತ್ತರಿಸಿದ ರೂಪ ಇಡುತ್ತದೆ. ಎಚ್.264ಗೆ ಅಂತ ಸಿಸ್ಕೋದ ಓಪನ್‌ಎಚ್264 ಬೇರೆ ಕಡೆಯಿಂದ ಸಿಗುತ್ತದೆ, ಆದರೆ ಅದು 10 ಬಿಟ್ ಫೈಲ್‌ಗಳಿಗೆ ಸಾಲುವುದಿಲ್ಲ.

ಇದಕ್ಕೆ ದಾರಿ ಆರ್‌ಪಿಎಂ ಫ್ಯೂಷನ್, ಫೆಡೋರಾಗಾಗಿ ಹೊರಗಿನವರು ನಡೆಸುವ ಭಂಡಾರ. ಅದರ ಫ್ರೀ, ನಾನ್‌ಫ್ರೀ ಎರಡೂ ಭಂಡಾರ ಸೇರಿಸಿಕೊಂಡು, ಸಾಫ್ಟ್‌ವೇರ್ ಹಾಕುವ ಡಿಎನ್‌ಎಫ್‌ನ ಸ್ವಾಪ್ ಆಜ್ಞೆಯಿಂದ ಎಫ್‌ಎಫ್‌ಎಂಪೆಗ್-ಫ್ರೀ ತೆಗೆದು ಪೂರ್ತಿ ಎಫ್‌ಎಫ್‌ಎಂಪೆಗ್ ಹಾಕಿದೆ. ವಿಡಿಯೋ ಓಡಿತು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಓಡಿದ್ದು ಹೇಗೆ? ನಾಲ್ಕೂ ಕೋರ್ ಪೂರ್ತಿ ದುಡಿಯುತ್ತಿದ್ದವು, ಲ್ಯಾಪ್‌ಟಾಪ್ ಕೈ ಇಡಲಾಗದಷ್ಟು ಬಿಸಿ, ಕುಣಿತ ಜೋರಾದ ಕಡೆ ಚಿತ್ರ ಹಿಂದೆ ಬಿದ್ದು ಧ್ವನಿ ಮುಂದೆ ಹೋಗುತ್ತಿತ್ತು. ಕೋಡೆಕ್ ಇದೆ, ಆದರೆ ಹಾರ್ಡ್‌ವೇರ್ ಕೈ ಜೋಡಿಸುತ್ತಿಲ್ಲ. ಇವೆರಡು ಬೇರೆ ಬೇರೆ ಸಮಸ್ಯೆ. ಎಫ್‌ಎಫ್‌ಎಂಪೆಗ್ ಇದ್ದರೆ ಸಿಪಿಯು ಹೇಗೋ ಬಿಡಿಸುತ್ತದೆ. ಗ್ರಾಫಿಕ್ಸ್ ಚಿಪ್‌ನಿಂದ ಬಿಡಿಸಬೇಕಾದರೆ ವಿಎ-ಎಪಿಐ ಡ್ರೈವರ್ ಬೇರೆಯೇ ಬೇಕು.

ಇಲ್ಲಿ ಎಂಪಿವಿ ನನ್ನ ಕೈ ಹಿಡಿಯಿತು. ವಿಡಿಯೋ ಓಡುವಾಗ ಐ ಕೀ ಒತ್ತಿದರೆ ಪರದೆ ಮೇಲೆಯೇ ಎಲ್ಲಾ ವಿವರ ಬರುತ್ತದೆ: ಯಾವ ಕೋಡೆಕ್, ಯಾವ ಪಿಕ್ಸೆಲ್ ಫಾರ್ಮ್ಯಾಟ್, ಎಷ್ಟು ಫ್ರೇಮ್ ಬಿದ್ದುಹೋದವು. ಹಾರ್ಡ್‌ವೇರ್ ಡಿಕೋಡಿಂಗ್ ನಡೆಯುತ್ತಿದ್ದರೆ ವಿಎಎಪಿಐ ಅನ್ನುವ ಹೆಸರೂ ಅಲ್ಲೇ ಕಾಣುತ್ತದೆ. ನನಗೆ ಕಾಣಲಿಲ್ಲ. ಒಂದು ವಿಷಯ ಗಮನದಲ್ಲಿರಲಿ: ಎಂಪಿವಿ ತಾನಾಗಿ ಹಾರ್ಡ್‌ವೇರ್ ಬಳಸುವುದಿಲ್ಲ. ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿ ಆನ್ ಮಾಡಬೇಕು, ಇಲ್ಲವೇ ಎಂಪಿವಿ.ಕಾನ್ಫ್ ಫೈಲ್‌ನಲ್ಲಿ ಎಚ್‌ಡಬ್ಲ್ಯೂಡೆಕ್ ಮುಂದೆ ಆಟೋ-ಸೇಫ್ ಅಂತ ಬರೆಯಬೇಕು. ಈ ವಿಷಯದಲ್ಲಿ ವಿಎಲ್‌ಸಿ ಮುಂದು, ಅದು ಕೇಳದೇ ಪ್ರಯತ್ನಿಸುತ್ತದೆ. ಆನ್ ಮಾಡಿದ ಮೇಲೂ ಎಂಪಿವಿಯಲ್ಲಿ ಹೆಸರು ಬರಲಿಲ್ಲ. ಅಲ್ಲಿಗೆ ಪ್ಲೇಯರ್‌ದಲ್ಲ, ಕೆಳಗಿನ ಡ್ರೈವರ್‌ದೇ ತೊಂದರೆ ಅಂತ ಖಚಿತವಾಯಿತು.

ಟರ್ಮಿನಲ್‌ನಲ್ಲಿ ವಿಎಇನ್ಫೋ ಓಡಿಸಿ ನೋಡಿದೆ. ಲಿಬ್‌ವಿಎ-ಯುಟಿಲ್ಸ್ ಪ್ಯಾಕೇಜ್‌ನಲ್ಲಿ ಸಿಗುತ್ತದೆ. ಅದು ಚಿಪ್‌ಗೆ ಏನೇನು ಬರುತ್ತದೆ ಅಂತ ಸಾಲಾಗಿ ಹೇಳುತ್ತದೆ. ಸಾಲಿನ ಕೊನೆಯಲ್ಲಿ ವಿಎಲ್‌ಡಿ ಅಂತಿದ್ದರೆ ಬಿಡಿಸಬಲ್ಲದು, ಎನ್‌ಕ್‌ಸ್ಲೈಸ್ ಅಂತಿದ್ದರೆ ಕುಗ್ಗಿಸಿ ಕಟ್ಟಬಲ್ಲದು. ನನ್ನದರಲ್ಲಿ ಎಚ್‌ಇವಿಸಿಯ ಸಾಲೇ ಇರಲಿಲ್ಲ. ಆರ್‌ಪಿಎಂ ಫ್ಯೂಷನ್‌ನ ನಾನ್‌ಫ್ರೀ ಭಂಡಾರದಿಂದ ಇಂಟೆಲ್-ಮೀಡಿಯಾ-ಡ್ರೈವರ್ ಹಾಕಿದೆ. ಮತ್ತೆ ನೋಡಿದರೆ ಎಚ್‌ಇವಿಸಿಮೇನ್10 (10 ಬಿಟ್ ಎಚ್‌ಇವಿಸಿ) ಮುಂದೆ ವಿಎಲ್‌ಡಿ ಬಂದಿತ್ತು. ಎಂಪಿವಿಯಲ್ಲಿ ಐ ಒತ್ತಿದೆ, ವಿಎಎಪಿಐ ಬಂತು. ಸಿಪಿಯು ಇಳಿಯಿತು, ಫ್ಯಾನ್ ಸುಮ್ಮನಾಯಿತು. ತುಂಬಾ ಖುಷಿಯಾಯಿತು.

ನಿಮ್ಮದು ಬೇರೆ ಮಷೀನ್ ಆಗಿದ್ದರೆ ಒಂದು ಮಾತು. 5ನೇ ತಲೆಮಾರಿಗಿಂತ ಹಳೆಯ ಇಂಟೆಲ್‌ಗೆ ಈ ಡ್ರೈವರ್ ನಡೆಯುವುದಿಲ್ಲ, ಲಿಬ್‌ವಿಎ-ಇಂಟೆಲ್-ಡ್ರೈವರ್ ಬೇಕು. ಎಎಂಡಿ ಇದ್ದವರಿಗೆ ಬೇರೆ ಕಥೆ. 2022ರಲ್ಲಿ ಫೆಡೋರಾ ತನ್ನ ಮೆಸಾ ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಎಚ್.264, ಎಚ್‌ಇವಿಸಿ ಹಾರ್ಡ್‌ವೇರ್ ಬೆಂಬಲ ಮುಚ್ಚಿತು. ಅದಕ್ಕೆ ಆರ್‌ಪಿಎಂ ಫ್ಯೂಷನ್‌ನ ಫ್ರೀವರ್ಲ್ಡ್ ಹೆಸರಿನ ಮೆಸಾ ಡ್ರೈವರ್ ಹಾಕಿಕೊಳ್ಳಬೇಕು.

ಇಷ್ಟಾದ ಮೇಲೂ ಕೆಲವು ಫೈಲ್ ತಡವರಿಸಿದವು. ಅದೇ ಕ್ಯಾಮೆರಾ, ಅದೇ ಎಚ್‌ಇವಿಸಿ, ಅದೇ 10 ಬಿಟ್. ಮತ್ತೆ ಐ ಒತ್ತಿದೆ. ಚೆನ್ನಾಗಿ ಓಡುವ ಫೈಲ್‌ನಲ್ಲಿ ಬಣ್ಣದ ಲೆಕ್ಕ 4:2:0, ತಡವರಿಸುವುದರಲ್ಲಿ 4:2:2. ಎರಡನೆಯದರಲ್ಲಿ ಬಣ್ಣದ ಮಾಹಿತಿ ಜಾಸ್ತಿ, ವೇಷದ ಕೆಂಪು, ಹಳದಿಗಳನ್ನು ಎಡಿಟ್ ಮಾಡುವವರಿಗೆ ಒಳ್ಳೆಯದು. ಆದರೆ 8ನೇ ತಲೆಮಾರಿನ ಇಂಟೆಲ್ ಅದನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸುವುದಿಲ್ಲ. 11ನೇ ತಲೆಮಾರಿನದು ಬಿಡಿಸುತ್ತದೆ. ಹೊಸ ಲ್ಯಾಪ್‌ಟಾಪ್‌ಗೆ ನನ್ನ ಹತ್ತಿರ ದುಡ್ಡಿಲ್ಲ. ಗೆಳೆಯನ ಕ್ಯಾಮೆರಾದಲ್ಲಿ ಎರಡೂ ಆಯ್ಕೆ ಇರುವುದರಿಂದ, ಇನ್ನು ಮುಂದೆ 4:2:0ಯಲ್ಲೇ ತೆಗೆಯಪ್ಪಾ ಅಂದೆ. ಒಪ್ಪಿದ. ಈಗಾಗಲೇ ತೆಗೆದಿದ್ದನ್ನು ರಾತ್ರಿ ಎಫ್‌ಎಫ್‌ಎಂಪೆಗ್‌ಗೆ ಬಿಟ್ಟು 8 ಬಿಟ್ ಎಚ್.264, 1080 ಸಾಲಿನ ಚಿಕ್ಕ ಪ್ರತಿ ಮಾಡಿಕೊಂಡೆ. ಪದ ಬರೆಯುವುದಕ್ಕೆ ಚಿಕ್ಕ ಪ್ರತಿ ಸಾಕು, ಮೂಲ ಫೈಲ್ ಹಾರ್ಡ್ ಡಿಸ್ಕ್‌ನಲ್ಲಿ ಹಾಗೇ ಇರುತ್ತದೆ.

ಇದೇ ವಿವರ ವಿಎಲ್‌ಸಿಯಲ್ಲಿ ಸಿಗುವುದಿಲ್ಲ ಅಂತಲ್ಲ. ಕಂಟ್ರೋಲ್ ಜೆ ಒತ್ತಿದರೆ ಕೋಡೆಕ್ ಮಾಹಿತಿ ಬರುತ್ತದೆ, ಕಳೆದುಹೋದ ಫ್ರೇಮ್‌ಗಳ ಲೆಕ್ಕವೂ ಇದೆ. ಆದರೆ ಹಾರ್ಡ್‌ವೇರ್ ನಿಜವಾಗಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಮೆಸೇಜ್ ಕಿಟಕಿ ತೆರೆದು, ಉದ್ದದ ಲಾಗ್‌ನಲ್ಲಿ ಹುಡುಕಬೇಕು. ಗ್ನೋಮ್ ವಿಡಿಯೋಸ್‌ನಲ್ಲಿ ಅಷ್ಟೂ ಇಲ್ಲ. ಅದು ಜಿಸ್ಟ್ರೀಮರ್ ಅನ್ನುವ ಬೇರೆ ಮಲ್ಟಿಮೀಡಿಯಾ ತಂತ್ರಾಂಶದ ಮೇಲೆ ನಿಂತಿದೆ, ಹಾಗಾಗಿ ಅದಕ್ಕೆ ಬೇರೆ ಪ್ಲಗಿನ್‌ಗಳನ್ನೂ ಹಾಕಬೇಕು. ಗ್ನೋಮ್ ಡೆಸ್ಕ್‌ಟಾಪ್‌ನ 49ನೇ ಆವೃತ್ತಿಯಿಂದ ಅದರ ಜಾಗಕ್ಕೆ ಶೋಟೈಮ್ ಬಂದಿದೆ. ಅದೂ ಜಿಸ್ಟ್ರೀಮರ್‌ನದೇ. ಮೊಬೈಲ್ ಕ್ಲಿಪ್ ನೋಡೋದಕ್ಕೆ ಸಾಕು, ನನ್ನ ಕೆಲಸಕ್ಕೆ ಸಾಲದು.

ಪದ ಬರೆಯುವ ಕೆಲಸದಲ್ಲಿ ಎಂಪಿವಿ ಇನ್ನೂ ಇಷ್ಟವಾಯಿತು. ಎಲ್ ಕೀ ಒಂದು ಸಲ ಒತ್ತಿದರೆ ಲೂಪ್‌ನ ಆರಂಭ, ಇನ್ನೊಂದು ಸಲ ಒತ್ತಿದರೆ ಕೊನೆ. ಆ ಸಾಲು ತಾನಾಗಿ ತಿರುಗುತ್ತಿರುತ್ತದೆ, ನನ್ನ ಕೈ ಬರೆಯಲು ಖಾಲಿ. ಚೌಕ ಆವರಣದ ಕೀಗಳಿಂದ ವೇಗ ಹತ್ತು ಹತ್ತು ಶೇಕಡಾ ಇಳಿಸಬಹುದು. ನಿಧಾನ ಮಾಡಿದರೂ ಶ್ರುತಿ ಕೆಡುವುದಿಲ್ಲ. ಭಾಗವತರ ಧ್ವನಿ ಭಾಗವತರದ್ದಾಗಿಯೇ ಇರುತ್ತದೆ. ಸಬ್‌ಟೈಟಲ್‌ನ ಸಮಯ ಕೂಡಿಸುವಾಗ ಕಾಮಾ ಕೀ ಒತ್ತಿ ಒಂದೊಂದೇ ಫ್ರೇಮ್ ಹಿಂದೆ ಹೋಗಬಹುದು. ವಿಎಲ್‌ಸಿ 3ರಲ್ಲಿ ಒಂದು ಫ್ರೇಮ್ ಮುಂದೆ ಹೋಗಬಹುದು, ಹಿಂದೆ ಬರಲು ಆಗುವುದಿಲ್ಲ. ನನಗೆ ಇದೊಂದೇ ಕಾರಣ ಸಾಕಿತ್ತು. ಶಿಫ್ಟ್ ಕ್ಯೂ ಒತ್ತಿ ಮುಚ್ಚಿದರೆ, ಮುಂದಿನ ಸಲ ನಿಂತಲ್ಲಿಂದಲೇ ಶುರು.

ಕನ್ನಡ ಸಬ್‌ಟೈಟಲ್ ಎರಡರಲ್ಲೂ ಸರಿಯಾಗಿ ಬರುತ್ತದೆ. ಎಂಪಿವಿ ಲಿಬ್‌ಆಸ್ ಅನ್ನುವ ಸಬ್‌ಟೈಟಲ್ ತಂತ್ರಾಂಶ ಬಳಸುವುದರಿಂದ ಒತ್ತಕ್ಷರಗಳೆಲ್ಲ ಜಾಗದಲ್ಲೇ ಕೂರುತ್ತವೆ, ನೋಟೋ ಸಾನ್ಸ್ ಕನ್ನಡ ಫಾಂಟ್ ಇದ್ದರೆ ಏನೂ ಹೇಳಬೇಕಿಲ್ಲ. ವಿಎಲ್‌ಸಿಯಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ ಕನ್ನಡ ಫಾಂಟ್ ಆರಿಸಿದೆ. ಸಬ್‌ಟೈಟಲ್ ಫೈಲ್ ಮಾತ್ರ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲೇ ಉಳಿಸಿ.

ಫ್ಲ್ಯಾಟ್‌ಪ್ಯಾಕ್ (ಬೇಕಾದ್ದನ್ನೆಲ್ಲ ಜೊತೆಗೇ ಕಟ್ಟಿಕೊಡುವ ಪ್ಯಾಕೇಜ್) ಬಗ್ಗೆ ಕೇಳುವವರಿದ್ದಾರೆ. ಫ್ಲ್ಯಾಟ್‌ಹಬ್ ತಾಣದಿಂದ ಪ್ಲೇಯರ್ ಹಾಕಿದರೆ ಕೋಡೆಕ್, ಡ್ರೈವರ್ ಎಲ್ಲಾ ಅದರ ಜೊತೆಗೇ ಬರುತ್ತದೆ, ಆರ್‌ಪಿಎಂ ಫ್ಯೂಷನ್ ಗೋಜೇ ಇಲ್ಲ. ಹೊಸಬರಿಗೆ ಒಳ್ಳೆಯ ದಾರಿ. ಆದರೆ ಮೊದಲ ಸಲ ನೂರಾರು ಎಂಬಿ ಇಳಿಸುತ್ತದೆ. ನನ್ನದು ಮೊಬೈಲ್ ಹಾಟ್‌ಸ್ಪಾಟ್, ದಿನದ ಡೇಟಾ ಅಲ್ಲೇ ಮುಗಿದುಹೋಗುತ್ತದೆ. ಚಿಕ್ಕ ಪ್ರತಿ ಮಾಡಲು ಎಫ್‌ಎಫ್‌ಎಂಪೆಗ್ ಹೇಗೂ ಬೇಕಲ್ವಾ? ಹಾಗಾಗಿ ಆರ್‌ಪಿಎಂ ಫ್ಯೂಷನ್ನೇ ನನಗೆ ಸರಿ. ಇದ್ಯಾವುದೂ ಬೇಡ ಅನ್ನುವವರು ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ಇನ್‌ಸ್ಟಾಲ್ ಮಾಡುವಾಗಲೇ ಮಲ್ಟಿಮೀಡಿಯಾ ಕೋಡೆಕ್ ಬೇಕಾ ಅಂತ ಕೇಳುತ್ತದೆ, ಟಿಕ್ ಹಾಕಿದರೆ ಮುಗಿಯಿತು.

ಎವಿ1 ಅನ್ನುವ ಇನ್ನೊಂದು ಕೋಡೆಕ್‌ನ ವಿಡಿಯೋವನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸಲು ಈ ಲ್ಯಾಪ್‌ಟಾಪ್‌ನ ಚಿಪ್‌ಗೆ ಬರುವುದಿಲ್ಲ, ಅದಕ್ಕೆ 11ನೇ ತಲೆಮಾರು ಬೇಕು. ಆದರೂ 1080ರ ತನಕ ಸಿಪಿಯುವಿನಲ್ಲೇ ಸಲೀಸಾಗಿ ಓಡುತ್ತದೆ. ಅದಕ್ಕೆ ಕಾರಣ ಡೇವಿಡ್ ಅನ್ನುವ ಡಿಕೋಡರ್. ಅದನ್ನು ಕಟ್ಟಿದ್ದು ವಿಎಲ್‌ಸಿ ಮಾಡುವ ವಿಡಿಯೋಲ್ಯಾನ್ ಬಳಗವೇ. ಎಂಪಿವಿ ಬಳಸುವ ನಾವೂ ಅವರಿಗೆ ಋಣಿಗಳು.

ವಿಎಲ್‌ಸಿ ಉಳಿಸಿಕೊಂಡಿರುವುದು ಡಿವಿಡಿಗಳಿಗಾಗಿ. ಹಳೆ ಆಟಗಳ ಕ್ಯಾಸೆಟ್‌ಗಳನ್ನು ಯಾರೋ ಡಿವಿಡಿಗೆ ಹಾಕಿಸಿದ್ದರು, ಅವುಗಳಲ್ಲಿ ಪ್ರಸಂಗದ ಪ್ರಕಾರ ಮೆನು ಇದೆ. ಎಂಪಿವಿ ಡಿವಿಡಿ ಮೆನು ತೋರಿಸುವುದಿಲ್ಲ, ವಿಎಲ್‌ಸಿ ತೋರಿಸುತ್ತದೆ. ಮನೆಯಲ್ಲಿ ಅಪ್ಪ ನೋಡುವುದೂ ಅದರಲ್ಲೇ, ಗುಂಡಿಗಳು ಕಣ್ಣಿಗೆ ಕಾಣುತ್ತವೆ ಅಂತ. ನಾನು ಮೆನುವಿನಿಂದ ಬೇಕಾದ ಪ್ರಸಂಗ ಗುರುತಿಸಿಕೊಂಡು, ಆ ಭಾಗವನ್ನು ಹಾರ್ಡ್ ಡಿಸ್ಕ್‌ಗೆ ತೆಗೆದು, ಎಂಪಿವಿಯಲ್ಲಿ ತೆರೆಯುತ್ತೇನೆ. ಕುಣಿತದ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿ ಕಂಡರೆ ಡಿ ಕೀ ಒತ್ತಿ, ಇಂಟರ್‌ಲೇಸ್ ಗೆರೆಗಳು ಹೋಗುತ್ತವೆ.