ಥಂಡಿ ಸಮುದ್ರಕ್ಕೆ ವೆಟ್‌ಸೂಟಾ, ಡ್ರೈಸೂಟಾ?

ನಮ್ಮ ಕಲಬುರಗಿ ಕಡೆಯ ಹುಡುಗರು ಈಗ ನೇತ್ರಾಣಿಗೆ ಹೋಗಿ ಸ್ಕೂಬಾ ಕಲಿತು ಬರುತ್ತಾರೆ. ಆಮೇಲೆ ಓದಲು ಬ್ರಿಟನ್‌ಗೆ ಹೋದಾಗ ಅಲ್ಲಿನ ಸಮುದ್ರಕ್ಕೂ ಇಳಿಯುವ ಆಸೆಯಾಗುತ್ತದೆ. ನಮ್ಮ ಅಣ್ಣನ ಮಗನೂ ಹೊರಡುವ ಮುಂಚೆ ಇದನ್ನೇ ಕೇಳಿದ: "ಕಾಕಾ, ಅಲ್ಲಿ ನೀರು ಭಾಳ ಥಂಡಿ ಇರ್ತದಂತ. ವೆಟ್‌ಸೂಟ್ ಸಾಕಾಗ್ತದೋ ಇಲ್ಲೋ?"

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅವುಗಳ ನಡುವಿನ ಸ್ಕಾಪಾ ಫ್ಲೋ ಎಂಬ ಸಮುದ್ರದ ಭಾಗದಲ್ಲಿ ನಾನು ಒಮ್ಮೆ ವೆಟ್‌ಸೂಟ್ (ಒಳಗೆ ಸ್ವಲ್ಪ ನೀರು ಬಿಡುವ ಡೈವಿಂಗ್ ಉಡುಪು), ಒಮ್ಮೆ ಡ್ರೈಸೂಟ್ (ನೀರು ಬಿಡದ ಉಡುಪು) ಹಾಕಿಕೊಂಡು ಇಳಿದಿದ್ದೇನೆ. ಮುಳುಗಿದ ಹಡಗು ನೋಡುವ ಹುಚ್ಚಿದ್ದವರಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮೊದಲ ಮಹಾಯುದ್ಧ ನಿಂತ ಮೇಲೆ ಜರ್ಮನಿಯ 74 ಯುದ್ಧನೌಕೆಗಳನ್ನು ಅಲ್ಲಿ ತಂದು ನಿಲ್ಲಿಸಿದ್ದರು. ಅವು ಶತ್ರುಗಳ ಕೈಗೆ ಹೋಗಬಾರದೆಂದು 1919ರ ಜೂನ್ 21ರಂದು ಅಡ್ಮಿರಲ್ ಫಾನ್ ರಾಯ್ಟರ್ ತನ್ನ ಹಡಗುಗಳನ್ನು ತಾನೇ ಮುಳುಗಿಸಲು ಆಜ್ಞೆ ಕೊಟ್ಟ. 52 ಮುಳುಗಿದವು. ಮುಂದೆ ಹೆಚ್ಚಿನವನ್ನು ಗುಜರಿಗೆಂದು ಮೇಲೆತ್ತಿದರು. ದೊಡ್ಡವುಗಳಲ್ಲಿ ಮೂರು ಬ್ಯಾಟಲ್‌ಶಿಪ್, ನಾಲ್ಕು ಕ್ರೂಸರ್ (ಅದಕ್ಕಿಂತ ಸಣ್ಣ, ವೇಗದ ಯುದ್ಧನೌಕೆ) ಇವತ್ತಿಗೂ ತಳದಲ್ಲೇ ಇವೆ.

ಬೇಸಿಗೆ ಮುಗಿಯುವ ಹೊತ್ತಿಗೂ ಅಲ್ಲಿನ ನೀರು 13 ಡಿಗ್ರಿ ಆಸುಪಾಸು. ಮಾರ್ಚ್‌ನಲ್ಲಿ 6ರ ಹತ್ತಿರ ಇಳಿಯುತ್ತದೆ. ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಅದಕ್ಕೇ ಸೂಟಿನ ವಿಷಯ ಇಷ್ಟು ಮುಖ್ಯ.

ಮೊದಲು ವೆಟ್‌ಸೂಟ್. ನಾನು ಹಾಕಿದ್ದು 7 ಮಿಲಿಮೀಟರ್ ದಪ್ಪದ್ದು, ಜೊತೆಗೆ ತಲೆಗೆ ಹುಡ್, ಕೈಗೆ ಗ್ಲೌಸ್. ಒಳಗೆ ಸ್ವಲ್ಪ ನೀರು ನುಗ್ಗುತ್ತದೆ, ಮೈ ಅದನ್ನು ಬಿಸಿ ಮಾಡುತ್ತದೆ, ಸೂಟ್ ಆ ಬಿಸಿಯನ್ನು ಹಿಡಿದಿಡುತ್ತದೆ. ಬಾಡಿಗೆ ಕಡಿಮೆ. ನೇತ್ರಾಣಿಯಲ್ಲಿ ಕಲಿತಿದ್ದರೆ ಹೊಸದಾಗಿ ಕಲಿಯುವುದು ಜಾಸ್ತಿ ಇಲ್ಲ.

ಚರ್ಚಿಲ್ ಬ್ಯಾರಿಯರ್ ಎಂಬ ಒಡ್ಡುಗಳ ಪಕ್ಕದ ಹಡಗುಗಳಿಗೆ ಇದು ಚೆನ್ನಾಗಿಯೇ ಒದಗಿತು. ಶತ್ರುಗಳ ದಾರಿ ಕಟ್ಟಲೆಂದು ಹಳೆಯ ಹಡಗುಗಳನ್ನು ಅಲ್ಲಿ ಬೇಕಂತಲೇ ಮುಳುಗಿಸಿದ್ದರು. ಆದರೂ 1939ರ ಅಕ್ಟೋಬರ್ 14ರಂದು ಜರ್ಮನ್ ಸಬ್‌ಮರೀನ್ ಒಂದು ಸಂದಿಯಲ್ಲಿ ನುಸುಳಿ ರಾಯಲ್ ಓಕ್ ಎಂಬ ಬ್ರಿಟಿಷ್ ಹಡಗನ್ನು ಹೊಡೆದು ಮುಳುಗಿಸಿತು. 800ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಕಟ್ಟಿದ್ದು ಈ ಒಡ್ಡುಗಳು. ದಡದಿಂದಲೇ ನೀರಿಗೆ ಇಳಿಯಬಹುದು, ಆಳ ಕಡಿಮೆ, ಬೆಳಕು ತಳದವರೆಗೂ ಬರುತ್ತದೆ. ಬೇಸಿಗೆಯಲ್ಲಿ ಅರ್ಧ ಗಂಟೆ ಇರುವುದಾದರೆ ವೆಟ್‌ಸೂಟ್ ಸಾಕು.

ಆಳಕ್ಕೆ ಹೋದರೆ ಮಾತು ಬೇರೆ. ವೆಟ್‌ಸೂಟಿನ ನಿಯೋಪ್ರೀನ್ ಎಂಬ ರಬ್ಬರಿನ ತುಂಬಾ ಸಣ್ಣ ಸಣ್ಣ ಗಾಳಿ ಗುಳ್ಳೆಗಳಿರುತ್ತವೆ. ಬೆಚ್ಚಗಿಡುವುದು ಅವೇ. 30 ಮೀಟರ್ ಕೆಳಗೆ ಒತ್ತಡ ಮೇಲಿನದರ ನಾಲ್ಕು ಪಟ್ಟು. ಗುಳ್ಳೆಗಳು ಕುಗ್ಗಿ ಸೂಟ್ ತೆಳ್ಳಗಾಗುತ್ತದೆ. ಕೆಳಗೆ ಹೋದಷ್ಟೂ ಬೆಚ್ಚಗಿಡುವ ಶಕ್ತಿ ಕಡಿಮೆ. ಮೊದಲು ಬೆರಳು ಮರಗಟ್ಟುತ್ತವೆ, ಟಾರ್ಚಿನ ಬಟನ್ ಒತ್ತಿದ್ದೂ ಗೊತ್ತಾಗುವುದಿಲ್ಲ. ಆಮೇಲೆ ಗಮನ ಹೋಗುತ್ತದೆ. ಎದುರಿಗೆ ನೂರು ವರ್ಷ ಹಳೆಯ ಹಡಗಿದ್ದರೂ ಮನಸ್ಸೆಲ್ಲ ಯಾವಾಗ ಮೇಲೆ ಹೋಗುತ್ತೇನೋ ಅಂತಲೇ. ಇದೇ ನನಗೆ ದೊಡ್ಡ ನಷ್ಟ ಅನ್ನಿಸಿತು.

ಡ್ರೈಸೂಟ್ ಒಳಗೆ ನೀರು ಬರುವುದೇ ಇಲ್ಲ. ಕುತ್ತಿಗೆಗೆ, ಮಣಿಕಟ್ಟಿಗೆ ಬಿಗಿಯಾದ ರಬ್ಬರ್ ಸೀಲ್, ನೀರು ಹೋಗದ ಝಿಪ್, ಒಳಗೆ ದಪ್ಪನೆಯ ಬಟ್ಟೆ. ಕೆಳಗಿಳಿದಂತೆ ಸೂಟ್ ಮೈಗೆ ಹಿಂಡುತ್ತದೆ. ಆಗ ಎದೆಯ ಮೇಲಿನ ಬಟನ್ ಒತ್ತಿ ಸ್ವಲ್ಪ ಗಾಳಿ ಬಿಟ್ಟುಕೊಳ್ಳಬೇಕು. ಮೇಲೆ ಬರುವಾಗ ಅದೇ ಗಾಳಿ ಹಿಗ್ಗುತ್ತದೆ, ಎಡತೋಳಿನ ವಾಲ್ವಿನಿಂದ ಹೊರಗೆ ಬಿಡಬೇಕು. ಗಾಳಿ ಪಾದದ ಕಡೆ ಸೇರಿಬಿಟ್ಟರೆ ಕಾಲು ಮೇಲಾಗಿ ಸರ್ರನೆ ಮೇಲಕ್ಕೆ ಹೋಗುವ ಅಪಾಯವಿದೆ. ಹಾಗಾಗಿ ತರಬೇತಿ ಇಲ್ಲದೆ ಡ್ರೈಸೂಟ್ ಹಾಕಲೇಬಾರದು. ಸೊಂಟಕ್ಕೆ ಸೀಸದ ಭಾರವೂ ಜಾಸ್ತಿ ಬೇಕು, ಬಾಡಿಗೆಯೂ ಜಾಸ್ತಿ.

ಇಷ್ಟೆಲ್ಲ ತಾಪತ್ರಯ ಇದ್ದರೂ ಕೋಲ್ನ್ ಎಂಬ ಕ್ರೂಸರ್ ಹತ್ತಿರ ಹೋದಾಗ ಡ್ರೈಸೂಟಿನ ಬೆಲೆ ತಿಳಿಯಿತು. ಸುಮಾರು 35 ಮೀಟರ್ ಆಳದಲ್ಲಿ ಆ ಹಡಗು ಬಲಮಗ್ಗುಲಾಗಿ ಮಲಗಿದೆ. ಹಿಂಭಾಗದಲ್ಲಿ 15 ಸೆಂಟಿಮೀಟರ್ ಬಾಯಿಯ ತೋಪು ಇನ್ನೂ ಇದೆ. ನಮ್ಮ ಕೋಟೆಯ ಬಾರಾ ಗಜಿ ತೋಪನ್ನು ಮುಟ್ಟಿ ಆಡಿ ಬೆಳೆದವನು ನಾನು. ಅಷ್ಟು ಕೆಳಗೆ, ಹಸಿರು ಕತ್ತಲಲ್ಲಿ ಇನ್ನೊಂದು ತೋಪು ಎದುರಾದಾಗ ಎದೆ ತುಂಬಿ ಬಂತು. ಕೊಳವೆಯ ಮೇಲೆಲ್ಲ ಬೆರಳಿನ ಆಕಾರದ ಬಿಳಿ, ಕಿತ್ತಳೆ ಮೆದು ಹವಳ ಬೆಳೆದಿತ್ತು. ಟಾರ್ಚ್ ಬೆಳಕನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಹಾಯಿಸಿ ನೋಡಿದೆ. ಮೈ ಬೆಚ್ಚಗಿದ್ದರಿಂದ ಅವಸರ ಇರಲಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಬೋಟಿನಲ್ಲಿ ಹೋದರೆ ದಿನಕ್ಕೆ ಎರಡು ಸಲ ಇಳಿಸುತ್ತಾರೆ, ನಡುವೆ ಕೆಲವು ಗಂಟೆ ಬಿಡುವು. ಆರ್ಕ್ನಿ ಗಾಳಿಗೆ ಬಿಡುವೇ ಇಲ್ಲ. ಒದ್ದೆ ವೆಟ್‌ಸೂಟ್ ಬಿಚ್ಚಿ, ನಡುಗಿ, ಅದೇ ತಣ್ಣನೆಯದನ್ನು ಮತ್ತೆ ಮೈಗೆ ಏರಿಸುವುದು ನೀರಿಗಿಂತ ಕಷ್ಟ. ಡ್ರೈಸೂಟ್ ಬಿಚ್ಚಿದರೆ ಒಳಗಿನ ಬಟ್ಟೆ ಒಣಗಿಯೇ ಇರುತ್ತದೆ. ಬಿಸಿ ಚಹಾ ಕುಡಿದು ಎರಡನೇ ಸಲ ಖುಷಿಯಿಂದ ಇಳಿಯಬಹುದು.

ಎರಡರಲ್ಲಿ ಯಾವುದೇ ಹಾಕಿದರೂ ಅಲ್ಲಿಂದ ಒಂದು ಮೊಳೆಯನ್ನೂ ತರಬಾರದು. ಆ ಏಳು ಜರ್ಮನ್ ಹಡಗುಗಳು 2001ರಿಂದ ಕಾನೂನಿನ ರಕ್ಷಣೆಯಲ್ಲಿವೆ. ರಾಯಲ್ ಓಕ್ ಸತ್ತವರ ಸಮಾಧಿ, ಅಲ್ಲಿ ಪ್ರವಾಸಿಗಳು ಇಳಿಯುವಂತಿಲ್ಲ. ಇದು ನನಗೆ ಪೂರ್ತಿ ಒಪ್ಪಿಗೆ.

ಅಣ್ಣನ ಮಗನಿಗೆ ನಾನು ಹೇಳಿದ್ದು ಇಷ್ಟು: "ಒಡ್ಡಿನ ಹಡಗು ಅಷ್ಟೇ ನೋಡೋದಾದ್ರ ಆಗಸ್ಟ್-ಸೆಪ್ಟೆಂಬರ್‌ದಾಗ ವೆಟ್‌ಸೂಟ್ ಹಾಕ್ಕೊಂಡು ಇಳಿ. ಕ್ರೂಸರ್ ನೋಡ್ಬೇಕಂದ್ರ ಮೊದಲ ಆಳದ ಡೈವಿಂಗ್ ಕಲಿ, ಡ್ರೈಸೂಟ್ ಕೋರ್ಸನೂ ಮಾಡು. ಈಜುಕೊಳದಾಗ ವಾಲ್ವ್ ಬಿಡೋದು ಕೈಗೆ ರೂಢಿ ಆಗ್ಲಿ, ಆಮೇಲೆ ಬೋಟ್ ಬುಕ್ ಮಾಡು."