ಫ್ಲೀಟ್ ವಾಕರ್ ಜೀವನಚರಿತ್ರೆ, ಸೆಕೆಂಡ್ ಹ್ಯಾಂಡ್ ಪ್ರತಿ: ಬೈಂಡಿಂಗ್ ಕೆಟ್ಟಿದೆ, ಆದರೂ ತಗೊಳ್ಳಿ

ಆನ್‌ಲೈನ್‌ನಲ್ಲಿ ಹಳೇ ಪುಸ್ತಕ ಮಾರುವವರಿಂದ ಅಮೆರಿಕದ ಕಪ್ಪು ಬೇಸ್‌ಬಾಲ್ ಆಟಗಾರ ಮೋಸೆಸ್ ಫ್ಲೀಟ್‌ವುಡ್ ವಾಕರ್ ಜೀವನಚರಿತ್ರೆ ತರಿಸಿದೆ. 'ಹೊಸದರ ಹಾಗಿದೆ' ಅಂತ ಹಾಕಿ, ಹಾಳೆ ಕಿತ್ತು ಬರ್ತಿರೋ ಪ್ರತಿ ಕಳಿಸಿದ್ದು ಸರಿಯಲ್ಲ. ಅದಕ್ಕೆ ಒಂದು ಸ್ಟಾರ್ ಕಡಿಮೆ.

ಪುಸ್ತಕ ಮಾತ್ರ ಎರಡೇ ರಾತ್ರೀಲಿ ಓದಿ ಮುಗಿಸಿದೆ. ಕಪ್ಪು ಆಟಗಾರ ಜಾಕಿ ರಾಬಿನ್ಸನ್ 1947ರಲ್ಲಿ ಬಣ್ಣದ ತಡೆ ಮುರಿದು ಮೇಜರ್ ಲೀಗ್‌ಗೆ, ಅಂದರೆ ಅಮೆರಿಕದ ಬೇಸ್‌ಬಾಲ್‌ನ ಅತಿ ಮೇಲಿನ ಮಟ್ಟಕ್ಕೆ, ಬಂದಿದ್ದು ಬೇಸ್‌ಬಾಲ್ ನೋಡೋರಿಗೆಲ್ಲ ಗೊತ್ತು, ಅಲ್ವಾ? ಅದಕ್ಕೂ 63 ವರ್ಷ ಮೊದಲು, 1884ರಲ್ಲೇ, ವಾಕರ್ ಅದೇ ಮಟ್ಟದಲ್ಲಿ ಟೊಲೆಡೊ ತಂಡಕ್ಕೆ 42 ಪಂದ್ಯ ಆಡಿದ್ದರು. ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಥರ. ದಪ್ಪ ಗ್ಲೌಸ್ ಇಲ್ಲದ ಕಾಲ ಅದು, ಕೈಗೆ ಪೆಟ್ಟು ಬೀಳೋದು ಮಾಮೂಲು. ಅದರ ಮೇಲೆ ಅವರದೇ ತಂಡದ ಪಿಚರ್ (ಚೆಂಡು ಎಸೆಯೋನು, ನಮ್ಮ ಬೌಲರ್ ಥರ) ಟೋನಿ ಮುಲ್ಲೇನ್, ಕಪ್ಪು ಮನುಷ್ಯನ ಮಾತು ಕೇಳಬಾರದು ಅಂತ, ಯಾವ ಚೆಂಡು ಎಸೀಬೇಕು ಅಂತ ವಾಕರ್ ಮಾಡೋ ಸನ್ನೆ ನೋಡದೆ ಮನಸ್ಸಿಗೆ ಬಂದ ಹಾಗೆ ಚೆಂಡು ಎಸೀತಿದ್ದ. ತಾನು ಕಂಡ ಅತ್ಯುತ್ತಮ ಕ್ಯಾಚರ್ ವಾಕರ್ ಅಂತ ಆಮೇಲೆ ಅವನೇ ಒಪ್ಪಿಕೊಂಡ. ಇದನ್ನ ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ನನಗೆ ಜಾಸ್ತಿ ಇಷ್ಟವಾದದ್ದು 1883ರ ಪ್ರಸಂಗ. ವಾಕರ್ ಇದ್ದರೆ ಆಡಲ್ಲ ಅಂತ ಕಪ್ಪು ಆಟಗಾರರ ಜೊತೆ ಆಡೋಕೆ ಒಪ್ಪದ ಷಿಕಾಗೊ ತಂಡದ ನಾಯಕ ಕ್ಯಾಪ್ ಆನ್ಸನ್ ಹಟ ಹಿಡಿದ. ಕೈ ನೋವಿಂದ ವಾಕರ್‌ಗೆ ಅವತ್ತು ವಿಶ್ರಾಂತಿ ಇತ್ತು. ಟೊಲೆಡೊ ಮ್ಯಾನೇಜರ್ ಚಾರ್ಲಿ ಮಾರ್ಟನ್ ಬೇಕಂತಲೇ ಅವರನ್ನ ಇಳಿಸಿ, ಆಡದಿದ್ದರೆ ಗೇಟ್ ದುಡ್ಡಲ್ಲಿ ಪಾಲಿಲ್ಲ ಅಂದುಬಿಟ್ಟರು. ಆನ್ಸನ್ ಆಡಿದ!

ಕೊನೆಯ ಅಧ್ಯಾಯಗಳು ಭಾರ. 1924ರಲ್ಲಿ ತೀರಿಕೊಂಡ ವಾಕರ್ ಸಮಾಧಿಗೆ ಹೆಸರಿನ ಕಲ್ಲು ಹಾಕಿದ್ದು 1990ರಲ್ಲಿ.

ಮಾರುವವರು ದುಡ್ಡು ವಾಪಸ್ ಕೊಡ್ತೀವಿ ಅಂದರು. ನಾನು ಪುಸ್ತಕ ಇಟ್ಟುಕೊಂಡು ಹೊಸದಾಗಿ ಬೈಂಡ್ ಮಾಡಿಸಿದೆ.