ಬಾಡಿಗೆ ಅಪ್ಪನದು, ರೂಮು ನನ್ನದು: ಒಂದು ಕೋ-ಲಿವಿಂಗ್ ವಿಮರ್ಶೆ

ನಾನಿರುವುದು ಕೋ-ಲಿವಿಂಗ್‌ನಲ್ಲಿ, ಅಂದರೆ ಒಂದು ಕಂಪನಿ ನಡೆಸುವ, ಹಲವರು ಹಂಚಿಕೊಂಡು ಇರುವ ಬಾಡಿಗೆ ಜಾಗದಲ್ಲಿ. ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 3 ಸ್ಟಾರ್. ರೂಮಿಗೆ 4 ಕೊಡಬಹುದು, ಕಂಪನಿಯ ಆ್ಯಪಿಗೆ 2ಕ್ಕಿಂತ ಜಾಸ್ತಿ ಕೊಡಲು ಮನಸ್ಸಿಲ್ಲ. ನೀವೇ ದುಡಿದು ನೀವೇ ಬಾಡಿಗೆ ಕಟ್ಟುವವರಾದರೆ ಇದನ್ನು ಓದುವ ಅಗತ್ಯವೇ ಇಲ್ಲ, ಸುಮ್ನೆ ಹೋಗಿ ಸೇರಿಕೊಳ್ಳಿ. ಮನೆಯಿಂದ ದುಡ್ಡು ತರಿಸಿಕೊಂಡು ಬೇರೆ ಕಡೆ ಇರುವವರು, ಅಂದರೆ ನನ್ನಂಥವರು, ಪೂರ್ತಿ ಓದಿ.

ರೂಮಿನ ವಿಷಯ ಬೇಗ ಮುಗಿಸುತ್ತೇನೆ. ಮಂಚ, ಮೇಜು, ಬೀಗ ಇರುವ ಕಪಾಟು ಇದೆ. ವೈಫೈ ಸಂಜೆ ಹೊತ್ತು ನಿಧಾನ. ವಾಷಿಂಗ್ ಮೆಷಿನ್‌ಗೆ ರಜಾ ದಿನ ಕ್ಯೂ. ಬಾತ್‌ರೂಮ್ ಯಾವಾಗಲೂ ಕ್ಲೀನ್ ಇರುತ್ತದೆ, ಹಂಚಿಕೊಂಡು ಇರುವ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ. ಗೋಡೆ ಮಾತ್ರ ತೆಳು. ಪಕ್ಕದ ರೂಮಿನವರ ಫೋನ್ ಮಾತು ಪೂರ್ತಿ ಕೇಳುತ್ತದೆ, ಅವರಿಗೆ ನನ್ನದೂ ಕೇಳುತ್ತದೆ ಅನ್ನಿ.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಸೇರುವಾಗ ಫಾರ್ಮಿನಲ್ಲಿ ಎರಡು ಹೆಸರು ಕೇಳುತ್ತಾರೆ: ಇಲ್ಲಿ ಇರುವವರು ಯಾರು, ದುಡ್ಡು ಕಟ್ಟುವವರು ಯಾರು. ಇಬ್ಬರಿಗೂ ಬೇರೆ ಬೇರೆ ಅಕೌಂಟ್. ನನ್ನದರಲ್ಲಿ ದುಡ್ಡು ಕಟ್ಟುವವರು ಅಪ್ಪ. ಬಿಲ್ಲು, ರಸೀದಿ ಅವರಿಗೆ ಹೋಗಲಿ, ಅದು ನ್ಯಾಯ. ಆದರೆ ಅದರ ಜೊತೆಗೆ ನಾನು ಗೇಟಿನಲ್ಲಿ ಕಾರ್ಡ್ ತೋರಿಸಿ ಒಳಗೆ ಬಂದ ಸಮಯವೂ ಹೋಗುತ್ತದೆ. ಇದು ಗೊತ್ತಾಗಿದ್ದು ಅಮ್ಮ ಫೋನ್ ಮಾಡಿ "ನಿನ್ನೆ ಯಾಕೋ ಅಷ್ಟು ಲೇಟು?" ಅಂದಾಗ. ಆಫ್ ಮಾಡೋಣ ಅಂತ ಸೆಟ್ಟಿಂಗ್ ಹುಡುಕಿದರೆ ನನ್ನ ಅಕೌಂಟಿನಲ್ಲಿ ಅದು ಇಲ್ಲವೇ ಇಲ್ಲ. ಸಪೋರ್ಟ್‌ಗೆ ಕೇಳಿದ್ದಕ್ಕೆ ಬಂದ ಉತ್ತರ: ಬಿಲ್ ಯಾರ ಹೆಸರಲ್ಲಿದೆಯೋ ಅವರೇ ಕೇಳಬೇಕು. ನನಗೆ 18 ದಾಟಿ ಎಷ್ಟೋ ಆಯ್ತು, ಅಗ್ರಿಮೆಂಟಿಗೆ ಸಹಿ ಹಾಕಿದ್ದು ನಾನು, ಇಲ್ಲಿನ ನಿಯಮ ಮುರಿದರೆ ದಂಡ ನನಗೆ, ಆದರೆ ನನ್ನ ಓಡಾಟವನ್ನು ಯಾರು ನೋಡಬೇಕು ಅನ್ನುವುದು ಮಾತ್ರ ನನ್ನ ಕೈಯಲ್ಲಿಲ್ಲ.

ಅಪ್ಪ ಅಮ್ಮನನ್ನು ಇಲ್ಲಿ ವಿಲನ್ ಮಾಡುವುದಿಲ್ಲ. ಗೇಟು, ಕಾರ್ಡು, ಮ್ಯಾನೇಜರ್ ಎಲ್ಲ ಇದೆ ಅಂತ ತೋರಿಸಿದ್ದಕ್ಕೇ ಅಮ್ಮ ನನ್ನನ್ನು ಮನೆಯಿಂದ ದೂರ ಇರಲು ಬಿಟ್ಟಿದ್ದು. ನನ್ನ ದೂರು ಕಂಪನಿಯ ಮೇಲೆ. ಬಾಡಿಗೆ ಕಟ್ಟುವುದು ಬೇರೆ, ಕಾವಲು ಕಾಯುವುದು ಬೇರೆ. ಇವರು ಎರಡನ್ನೂ ಒಂದೇ ಬಟನ್‌ಗೆ ಕಟ್ಟಿ ಇಟ್ಟಿದ್ದಾರೆ.

ಇದರ ಬಿಸಿ ನಿಜವಾಗಿ ತಟ್ಟಿದ್ದು ಬ್ರ್ಯಾಂಚ್ ಬದಲಾಯಿಸುವಾಗ. ಇವರದು ಊರೊಳಗೆ ಬೇರೆ ಬೇರೆ ಕಡೆ ಕಟ್ಟಡಗಳಿವೆ. ಲಾಕ್-ಇನ್, ಅಂದರೆ ಖಾಲಿ ಮಾಡದೆ ಇರಲೇಬೇಕಾದ ಅವಧಿ, ಮುಗಿಯದಿದ್ದರೂ ಒಂದರಿಂದ ಇನ್ನೊಂದಕ್ಕೆ ಹೋಗಬಹುದು, ದಂಡ ಇಲ್ಲ, ಬಾಡಿಗೆಯ ವ್ಯತ್ಯಾಸ ಕಟ್ಟಿದರೆ ಸಾಕು. ಒಳ್ಳೆಯ ಸೌಲಭ್ಯ, ಮೆಚ್ಚಲೇಬೇಕು. ಆದರೆ ಒಪ್ಪಿಗೆ ಕೊಡಬೇಕಾದವರು ದುಡ್ಡು ಕಟ್ಟುವವರು. ಅಪ್ಪ ಆರಿಸಿದ್ದು ಊರಂಚಿನ ಬ್ರ್ಯಾಂಚ್, ಬಾಡಿಗೆ ಕಡಿಮೆ ಅಂತ. ನನ್ನ ಕಾಲೇಜು, ಪಾರ್ಟ್‌ಟೈಮ್ ಕೆಲಸ ಎರಡೂ ಇನ್ನೊಂದು ತುದಿಯಲ್ಲಿ. ನನ್ನ ರಿಕ್ವೆಸ್ಟ್ ಅಪ್ಪನ ಆ್ಯಪಿನಲ್ಲಿ ಹಾಗೇ ಕೂತಿತ್ತು, ಅವರು ನೋಡಿರಲೇ ಇಲ್ಲ, ಅಷ್ಟರಲ್ಲಿ ಆ ರೂಮ್ ಬೇರೆಯವರಿಗೆ ಹೋಯ್ತು. ನನಗೆ ಒಂದು ನೋಟಿಫಿಕೇಶನ್ ಕೂಡ ಬರಲಿಲ್ಲ.

ಎರಡನೇ ಸಲ ನಾನು ಆ್ಯಪನ್ನು ನಂಬದೆ ಅಪ್ಪನ ಮುಂದೆಯೇ ಲೆಕ್ಕ ಇಟ್ಟೆ. ಅಪ್ಪ ಮಾತಿಗೆ ಬಗ್ಗುವವರಲ್ಲ, ಲೆಕ್ಕಕ್ಕೆ ಬಗ್ಗುತ್ತಾರೆ. ಬಾಡಿಗೆಯ ಜೊತೆಗೆ ಓಡಾಟದ ಖರ್ಚನ್ನೂ ಸೇರಿಸಿ ನೋಡಿದರೆ ಅಗ್ಗದ ರೂಮು ಅಷ್ಟೇನೂ ಅಗ್ಗ ಆಗಿರಲಿಲ್ಲ, ಮೇಲಿಂದ ದಾರಿಯಲ್ಲಿ ಹೋಗುವ ಹೊತ್ತಿನಲ್ಲಿ ಇನ್ನೊಂದು ಶಿಫ್ಟ್ ಕೆಲಸ ಮಾಡಬಹುದಿತ್ತು. ಹೀಗೆ ಎರಡನ್ನೂ ಸೇರಿಸಿ ನೋಡುವುದು ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಅನ್ನುವ ಸಂಸ್ಥೆ ಮನೆ ಮತ್ತು ಓಡಾಟ ಎರಡೂ ಸೇರಿ ಆದಾಯದ 45% ಒಳಗೆ ಇದ್ದರೆ ಅದು ಕೈಗೆಟುಕುವ ಜಾಗ ಅಂತ ಲೆಕ್ಕ ಹಾಕುತ್ತದೆ. ಅಪ್ಪ ಕನ್ನಡಕ ಏರಿಸಿ ಎರಡು ಸಲ ಕೂಡಿ ನೋಡಿ ಸರಿ ಅಂದರು.

ಆ್ಯಪಿನಲ್ಲೂ ಒಂದು ಬಜೆಟ್ ಕ್ಯಾಲ್ಕುಲೇಟರ್ ಇದೆ, ಓಡಾಟದ ಹೆಸರೇ ಎತ್ತುವುದಿಲ್ಲ. ತಿಂಗಳ ಆದಾಯ ತುಂಬಿಸಿ ಅನ್ನುತ್ತದೆ, ಅದರ 30% ಒಳಗಿನ ರೂಮು ತೋರಿಸುತ್ತದೆ. ಈ 30% ಲೆಕ್ಕ ಹೊಸದಲ್ಲ: ಅಮೆರಿಕದಲ್ಲಿ ಸರ್ಕಾರಿ ವಸತಿಯಲ್ಲಿ ಇರುವವರ ಬಾಡಿಗೆ ಆದಾಯದ 25% ದಾಟಬಾರದು ಅಂತ 1969ರಲ್ಲಿ ಮಿತಿ ಹಾಕಿದರು, 1981ರಲ್ಲಿ ಅದನ್ನು 30%ಗೆ ಏರಿಸಿದರು. ಅದು ಬಾಡಿಗೆದಾರರ ಸ್ವಂತ ಆದಾಯಕ್ಕೆ ಹಾಕಿದ ಮಿತಿ. ನನ್ನ ಪಾರ್ಟ್‌ಟೈಮ್ ಸಂಬಳ ಮಾತ್ರ ತುಂಬಿಸಿದರೆ ಆ್ಯಪಿನಲ್ಲಿ ಒಂದು ರೂಮೂ ಬರಲಿಲ್ಲ. ಅಪ್ಪ ಕಳಿಸುವ ದುಡ್ಡನ್ನೂ ಸೇರಿಸಿದರೆ ಡಬಲ್ ಬದಲು ಸಿಂಗಲ್ ರೂಮ್ ತಗೊಳ್ಳಿ ಅಂತ ಆಸೆ ಹುಟ್ಟಿಸಿತು. ಅಪ್ಪನ ದುಡ್ಡು ನನ್ನ ಆದಾಯ ಅಲ್ಲ ಅಲ್ವಾ? ಅವರ ಸಾಲದ ಕಂತು, ಔಷಧಿ, ರಿಟೈರ್ ಆದ ಮೇಲಿನ ಉಳಿತಾಯ ಎಲ್ಲ ಕಳೆದು ಎಷ್ಟು ಉಳಿಯುತ್ತದೆ ಅನ್ನುವುದು ಯಾವ ಕ್ಯಾಲ್ಕುಲೇಟರಿಗೂ ಗೊತ್ತಿಲ್ಲ. ಅದನ್ನು ಅಪ್ಪನನ್ನೇ ಕೇಳಬೇಕು. ಕೇಳುವುದು ಮುಜುಗರ, ಆದರೂ ಕೇಳಿ.

ಇಷ್ಟು ಬೈದು 3 ಸ್ಟಾರ್ ಯಾಕೆ ಕೊಟ್ಟೆ ಅಂದರೆ, ಬಾಡಿಗೆ ಹಂಚಿಕೆ ಅನ್ನುವ ಆಯ್ಕೆಗಾಗಿ. ಬಿಲ್ಲನ್ನು ಎರಡು ಅಕೌಂಟಿಗೆ ಒಡೆಯಬಹುದು, ಎಷ್ಟು ಪಾಲು ಅನ್ನುವುದನ್ನು ಪ್ರತಿ ತಿಂಗಳು ಬದಲಾಯಿಸಬಹುದು. ಪರೀಕ್ಷೆ ಇರುವ ತಿಂಗಳು ನನ್ನ ಪಾಲು ಕಡಿಮೆ, ರಜೆಯಲ್ಲಿ ಜಾಸ್ತಿ. ನನ್ನ ಪಾಲು ಇನ್ನೂ ಚಿಕ್ಕದೇ. ಆದರೂ ಒಂದು ರೂಪಾಯಿಯ ರಸೀದಿ ನನ್ನ ಹೆಸರಿಗೆ ಬಂದರೂ ನಾನೂ ದುಡ್ಡು ಕಟ್ಟುವವನೇ. ಆಮೇಲೆ ರೂಮ್ ಬದಲಾವಣೆಯ ಒಪ್ಪಿಗೆ ಬಟನ್ ನನಗೂ ಬಂತು. ಈ ಆಯ್ಕೆಯನ್ನು ಮೆನುವಿನ ಒಳಗೆ ಎಲ್ಲೋ ಮೂಲೆಯಲ್ಲಿ ಬಚ್ಚಿಟ್ಟಿದ್ದಾರೆ, ಸೇರುವಾಗ ಯಾರೂ ಹೇಳುವುದಿಲ್ಲ. 'ಬಿಲ್ಲಿಂಗ್' ಒಳಗೆ ಹೋಗಿ ಹುಡುಕಿ.

ಸೇರುವ ಮೊದಲು ಮ್ಯಾನೇಜರ್ ಹತ್ತಿರ ಇನ್ನೆರಡು ಮಾತು ಕೇಳಿಕೊಳ್ಳಿ. ಖಾಲಿ ಮಾಡುವ ನೋಟಿಸ್ ಯಾರು ಕೊಡಬೇಕು, ಅಡ್ವಾನ್ಸ್ ಯಾರ ಅಕೌಂಟಿಗೆ ವಾಪಸ್ ಬರುತ್ತದೆ. ಇಲ್ಲಿ ಅದು ಕಟ್ಟಿದವರಿಗೇ ಹೋಗುತ್ತದೆ, ಸರಿಯೇ. ಆದರೆ ಆ ದುಡ್ಡನ್ನು ನಂಬಿ ಇನ್ನೊಂದು ರೂಮಿಗೆ ಮುಂಗಡ ಕೊಡುತ್ತೇನೆ ಅಂದುಕೊಂಡಿದ್ದರೆ ಮೊದಲು ಮನೆಯಲ್ಲಿ ಮಾತಾಡಿ. ಗೇಟಿನ ಮಾಹಿತಿ ಆಫ್ ಮಾಡಿಸುವುದನ್ನೂ ಸೇರುವ ದಿನವೇ, ಅಪ್ಪನೋ ಅಮ್ಮನೋ ಪಕ್ಕದಲ್ಲಿ ಇರುವಾಗಲೇ ಮಾತಾಡಿ ಮುಗಿಸಿ. ನಮ್ಮ ಮನೆಯಲ್ಲಿ ಅದು ಇನ್ನೂ ಆನ್ ಇದೆ. ಅಮ್ಮ ಒಪ್ಪಿಲ್ಲ.